ಬಸ್ಸು ಗುದ್ದಿದರೆ ಲೆಕ್ಕ ಹಾಕುತ್ತೇವೆ, ಗಂಡ ಗುದ್ದಿದರೆ?

ನಾನು ವಕೀಲೆ ಅಲ್ಲ. ಧಾರವಾಡದಲ್ಲಿ ಒಬ್ಬ ವಕೀಲೆ ಮೇಡಂ ಆಫೀಸಿನಲ್ಲಿ ಟೈಪಿಂಗ್, ಫೈಲಿಂಗ್, ಕೋರ್ಟಿನ ಓಡಾಟ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಎರಡು ಥರದ ಕೇಸು ಜಾಸ್ತಿ. ಒಂದು ಮೋಟಾರು ಅಪಘಾತದ ಪರಿಹಾರ, ಇನ್ನೊಂದು ಮನೆಯೊಳಗಿನ ಹೊಡೆತ ಬಡಿತ. ಎರಡೂ ಅರ್ಜಿ ಟೈಪ್ ಮಾಡುವುದು ನಾನೇ. ಹಾಗಾಗಿ ಒಂದು ವಿಷಯ ಕಣ್ಣಿಗೆ ರಾಚುತ್ತದೆ.

ಬೈಪಾಸಿನಲ್ಲಿ ಲಾರಿ ಗುದ್ದಿ ಕೈ ಮುರಿದುಕೊಂಡವರ ಅರ್ಜಿ ತಗೊಳ್ಳಿ. ಆಸ್ಪತ್ರೆ ಖರ್ಚು ಇಷ್ಟು, ಓಡಾಟ ಇಷ್ಟು, ಜೊತೆಗಿದ್ದವರ ಊಟ ಇಷ್ಟು, ಕೆಲಸಕ್ಕೆ ಹೋಗದ ತಿಂಗಳ ಸಂಬಳ ಇಷ್ಟು, ನೋವಿಗೆ ಇಷ್ಟು, ಮುಂದಿನ ಚಿಕಿತ್ಸೆಗೆ ಇಷ್ಟು. ಬಾಬತ್ತು ಬಾಬತ್ತಾಗಿ ಲೆಕ್ಕ. ಅದೇ ಕೈಯನ್ನು ಗಂಡ ತಿರುಚಿ ಮುರಿದಿದ್ದರೆ? ಎಂಟು ಪುಟ ಕಥೆ ಇರುತ್ತದೆ, ಜೀವನಾಂಶದ ಮಾತು ಇರುತ್ತದೆ, ಕೊನೆಯಲ್ಲಿ ಒಂದೇ ಸಾಲು: ‘ಹಾಗೂ ಸೂಕ್ತ ಪರಿಹಾರ ಕೊಡಿಸಬೇಕೆಂದು ಪ್ರಾರ್ಥನೆ.’ ಸೂಕ್ತ ಅಂದರೆ ಎಷ್ಟು? ಯಾವುದಕ್ಕೆ? ಕೇಳಿದವರಿಗೇ ಗೊತ್ತಿಲ್ಲ ಅಂದಮೇಲೆ ಕೊಡುವವರು ಯಾವ ಆಧಾರದ ಮೇಲೆ ಕೊಡಬೇಕು, ಅಲ್ವಾ?

ಆ ಒಂದು ಸಾಲನ್ನು ಸರಿಯಾಗಿ ಬರೆಯುವುದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಕೇಸಿನ ಸೂಕ್ಷ್ಮ ನಿಮ್ಮ ವಕೀಲರು ನೋಡಲಿ. ಅವರ ಮುಂದೆ ಕೂರುವಾಗ ಏನು ಕೇಳಬೇಕು, ಏನು ಹಿಡಿದುಕೊಂಡು ಹೋಗಬೇಕು ಅನ್ನುವುದು ನಿಮಗೆ ಗೊತ್ತಿರಲಿ.

ಕಾನೂನು ಏನು ಹೇಳುತ್ತದೆ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯ್ದೆ 2005ರದು. ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ನಮ್ಮ ಕಡೆ ಎಲ್ಲರೂ ‘ಡಿ.ವಿ. ಕೇಸ್’ ಅಂತಾರೆ. ಪೊಲೀಸರು ಎಫ್‌ಐಆರ್ ಹಾಕುವ ಕ್ರಿಮಿನಲ್ ಕೇಸೇ ಬೇರೆ, ಇದೇ ಬೇರೆ. ಮ್ಯಾಜಿಸ್ಟ್ರೇಟ್ ಮುಂದೆ ನಡೆದರೂ ಇದು ಮೂಲದಲ್ಲಿ ಸಿವಿಲ್ ಸ್ವರೂಪದ್ದು. ಅವನನ್ನು ಜೈಲಿಗೆ ಹಾಕಿಸುವುದಕ್ಕಲ್ಲ, ನಿಮಗೆ ರಕ್ಷಣೆ, ಸೂರು, ದುಡ್ಡು ಕೊಡಿಸುವುದಕ್ಕೆ ಇರುವ ದಾರಿ. ಆದೇಶ ಆದಮೇಲೂ ಅವನು ರಕ್ಷಣಾ ಆದೇಶ ಮುರಿದರೆ ಮಾತ್ರ ಅದು ಅಪರಾಧ. ಆಗ 1 ವರ್ಷದ ತನಕ ಜೈಲು, 20,000 ರೂಪಾಯಿ ತನಕ ದಂಡ, ಅಥವಾ ಎರಡೂ.

ದುಡ್ಡಿನ ವಿಷಯಕ್ಕೆ ಎರಡು ಕಲಂ ನೆನಪಿಟ್ಟುಕೊಳ್ಳಿ. 20ನೇ ಕಲಂ: ಆದ ಖರ್ಚು, ಆದ ನಷ್ಟ. ಅಂದರೆ ಔಷಧೋಪಚಾರ, ಹೋದ ಗಳಿಕೆ, ಒಡೆದು ಹಾಕಿದ ಅಥವಾ ಕಸಿದುಕೊಂಡ ವಸ್ತು, ಜೊತೆಗೆ ಜೀವನಾಂಶ. 22ನೇ ಕಲಂ: ಅವನು ಮಾಡಿದ ಗಾಯಕ್ಕೆ, ಮಾನಸಿಕ ಹಿಂಸೆಗೆ, ಸಂಕಟಕ್ಕೆ ಪರಿಹಾರ. ಎರಡನೆಯದರಲ್ಲಿ ಒಂದು ಮಾತು ಸ್ಪಷ್ಟವಾಗಿದೆ. ನೊಂದವಳು ಅರ್ಜಿ ಹಾಕಿ ಕೇಳಿದರೆ ಮ್ಯಾಜಿಸ್ಟ್ರೇಟ್ ಕೊಡಿಸಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡಿಸುವುದಿಲ್ಲ.

ಜೀವನಾಂಶ ಸಿಕ್ಕಿತಲ್ಲ, ಪರಿಹಾರ ಬೇರೆ ಯಾಕೆ ಅಂತ ತವರಿನವರೇ ಕೇಳುತ್ತಾರೆ. ಜೀವನಾಂಶ ನಾಳೆಯ ಅನ್ನಕ್ಕೆ. ಪರಿಹಾರ ನಿನ್ನೆ ಆದದ್ದಕ್ಕೆ. ಒಂದು ಕೊಟ್ಟರೆ ಇನ್ನೊಂದು ತೀರುವುದಿಲ್ಲ.

ಯಾರು ಕೇಳಬಹುದು

ಹೆಂಡತಿ ಮಾತ್ರ ಅಲ್ಲ. ಒಂದೇ ಮನೆಯಲ್ಲಿ ಬದುಕಿದ ತಾಯಿ, ಅಕ್ಕತಂಗಿ, ವಿಧವೆ ಸೊಸೆ ಎಲ್ಲರಿಗೂ ಈ ಕಾಯ್ದೆ ಇದೆ. ತಾಳಿ ಇಲ್ಲದೆ ಗಂಡ ಹೆಂಡತಿಯಂತೆ ಬಾಳಿದವರಿಗೂ ಇದೆ. ಆದರೆ ನಾಲ್ಕು ಜನರ ಕಣ್ಣಿಗೆ ಸಂಸಾರ ಅನ್ನಿಸುವಂತೆ, ಸಾಕಷ್ಟು ಕಾಲ ಜೊತೆಗಿದ್ದದ್ದು ತೋರಿಸಬೇಕು. ಬಾಡಿಗೆ ಕರಾರು, ರೇಷನ್ ಕಾರ್ಡ್, ಗ್ಯಾಸ್ ಪುಸ್ತಕ ಇಂಥವು ಅಲ್ಲಿ ಕೆಲಸಕ್ಕೆ ಬರುತ್ತವೆ. ಡಿವೋರ್ಸ್ ಆದವರು ಕೂಡ ಸಂಸಾರದಲ್ಲಿದ್ದಾಗ ಆದ ಹಿಂಸೆಗೆ ಕೇಳಬಹುದು.

ಒಂದೇ ಮನೆಯಲ್ಲಿ ಯಾವತ್ತೂ ಇರದ ಪ್ರೇಮಿ ಹೊಡೆದರೆ ಈ ಕಾಯ್ದೆ ಹತ್ತುವುದಿಲ್ಲ. ಹೆಂಡತಿಯಿಂದ ಪೆಟ್ಟು ತಿಂದ ಗಂಡಸಿಗೂ ಹತ್ತುವುದಿಲ್ಲ. ಇವರಿಗೆ ಉಳಿಯುವುದು ಸಿವಿಲ್ ಕೋರ್ಟಿನಲ್ಲಿ ಪರಿಹಾರದ ದಾವೆ. ಮೈಮೇಲೆ ಕೈ ಮಾಡಿ ಹಾನಿ ಮಾಡಿದವನು ನಷ್ಟ ಕಟ್ಟಿಕೊಡಬೇಕು ಅನ್ನುವುದು ಹಳೆಯ ಸಿವಿಲ್ ತತ್ವ. ಅದಕ್ಕೆ ಗಂಡು ಹೆಣ್ಣು ಅನ್ನುವ ಭೇದವಿಲ್ಲ.

ಮ್ಯಾಜಿಸ್ಟ್ರೇಟ್ ಕೋರ್ಟೋ, ಸಿವಿಲ್ ದಾವೆಯೋ

ಇದು ಬಹಳ ಜನ ಕೇಳುವ ಪ್ರಶ್ನೆ. ನನ್ನ ಅಭಿಪ್ರಾಯ ಕೇಳಿದರೆ, ಡಿ.ವಿ. ಕಾಯ್ದೆಯಡಿ ಬರುವ ಹೆಣ್ಣುಮಕ್ಕಳು ಮೊದಲು ಮ್ಯಾಜಿಸ್ಟ್ರೇಟ್ ಹತ್ತಿರವೇ ಹೋಗಬೇಕು. ಕಾರಣ ಹೇಳುತ್ತೇನೆ.

ಮೊದಲನೆಯದು ಊರು. ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಹುಡುಗಿ ಪೆಟ್ಟು ತಿಂದು ಧಾರವಾಡದ ತವರಿಗೆ ಬಂದಿದ್ದಾಳೆ ಅಂದುಕೊಳ್ಳಿ. ಡಿ.ವಿ. ಅರ್ಜಿಯನ್ನು ಅವಳು ಧಾರವಾಡದಲ್ಲೇ ಹಾಕಬಹುದು. ತಾತ್ಕಾಲಿಕವಾಗಿ ಇರುವ ಜಾಗವಾದರೂ ಸಾಕು, ಕೆಲಸ ಮಾಡುವ ಜಾಗವಾದರೂ ಸಾಕು. ಸಿವಿಲ್ ದಾವೆಗೆ ಹಾಗಲ್ಲ. ಹಾನಿ ಎಲ್ಲಿ ಆಯಿತೋ ಅಲ್ಲಿ, ಇಲ್ಲವೇ ಅವನು ಎಲ್ಲಿ ಇದ್ದಾನೋ ಅಲ್ಲಿ ಹಾಕಬೇಕು. ಅಂದರೆ ಪ್ರತಿ ತಾರೀಖಿಗೂ ರಾಣೆಬೆನ್ನೂರಿನ ಬಸ್ಸು ಹತ್ತಬೇಕು. ಅವನ ಊರಿನಲ್ಲಿ ಇಳಿಯಬೇಕು.

ಎರಡನೆಯದು ಕೋರ್ಟ್ ಫೀ. ಸಿವಿಲ್ ದಾವೆಯಲ್ಲಿ ಕೇಳಿದ ಮೊತ್ತದ ಮೇಲೆ ಫೀ. ಜಾಸ್ತಿ ಕೇಳಿದಷ್ಟೂ ಜಾಸ್ತಿ. ಡಿ.ವಿ. ಅರ್ಜಿಗೆ ಆ ರೀತಿಯ ಫೀ ಇಲ್ಲ. ಸಿವಿಲ್ ದಾವೆಯೇ ಬೇಕು, ಫೀ ಕಟ್ಟುವ ಶಕ್ತಿ ಇಲ್ಲ ಅಂದರೆ ನಿರ್ಗತಿಕ ವಾದಿ ಅಂತ ಅರ್ಜಿ ಹಾಕುವ ಅವಕಾಶ ಇದೆ. ಕಾನೂನು ಸೇವಾ ಪ್ರಾಧಿಕಾರದ ಮೂಲಕ ಹೋದರೂ ಆ ಖರ್ಚು ತಪ್ಪುತ್ತದೆ.

ಮೂರನೆಯದು ಕಾಲಮಿತಿ. ಹೊಡೆತದ ಪರಿಹಾರಕ್ಕೆ ಸಿವಿಲ್ ದಾವೆ ಸಾಮಾನ್ಯವಾಗಿ 3 ವರ್ಷದೊಳಗೆ ಹಾಕಬೇಕು. ಕೋಣೆಯಲ್ಲಿ ಕೂಡಿ ಹಾಕಿದ್ದಕ್ಕೆ ಪರಿಹಾರ ಕೇಳುವುದಾದರೆ ಬರೀ 1 ವರ್ಷ. ಡಿ.ವಿ. ಅರ್ಜಿಗೆ ಕ್ರಿಮಿನಲ್ ಕೇಸುಗಳ ಕಾಲಮಿತಿ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಂತ ಸುಮ್ನೆ ಕೂರಬೇಡಿ. ಸಾಕ್ಷಿ ತಣ್ಣಗಾಗುತ್ತದೆ, ಪಕ್ಕದ ಮನೆಯವರು ಬಾಡಿಗೆ ಬಿಟ್ಟು ಹೋಗುತ್ತಾರೆ.

ಈಗಾಗಲೇ ಡಿವೋರ್ಸ್ ಕೇಸೋ ಜೀವನಾಂಶದ ಕೇಸೋ ನಡೆಯುತ್ತಿದ್ದರೆ, ಈ ಪರಿಹಾರವನ್ನು ಅದೇ ಕೋರ್ಟಿನಲ್ಲಿ ಕೇಳುವುದಕ್ಕೂ 26ನೇ ಕಲಂ ದಾರಿ ಕೊಡುತ್ತದೆ. ಮ್ಯಾಜಿಸ್ಟ್ರೇಟ್ ಹತ್ತಿರ ಹೋದವರು ಮುಂದೆ ಸಿವಿಲ್ ದಾವೆ ಹಾಕಬಾರದು ಅಂತಲೂ ಇಲ್ಲ. ಮೊದಲು ಸಿಕ್ಕ ಮೊತ್ತವನ್ನು ಆಮೇಲಿನ ಡಿಕ್ರಿಯಲ್ಲಿ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಆದೇಶದಲ್ಲಿ, ಮುರಿದುಕೊಳ್ಳುತ್ತಾರೆ, ಅಷ್ಟೇ. ಗಂಡ ಹೆಂಡತಿ ನಡುವಿನ ದಾವೆ ಫ್ಯಾಮಿಲಿ ಕೋರ್ಟಿಗೋ ಸಿವಿಲ್ ಕೋರ್ಟಿಗೋ ಅನ್ನುವ ತಕರಾರನ್ನು ಎದುರಿನವರು ಎತ್ತುವುದುಂಟು. ಹಾಕುವ ಮುಂಚೆಯೇ ವಕೀಲರ ಹತ್ತಿರ ಇತ್ಯರ್ಥ ಮಾಡಿಕೊಳ್ಳಿ.

ಮೊದಲು ಡಾಕ್ಟರು

ಇವತ್ತೇ ಜೀವಕ್ಕೆ ಅಪಾಯ ಇದ್ದರೆ ಈ ಲೆಕ್ಕ ಎಲ್ಲ ಪಕ್ಕಕ್ಕಿಡಿ. 112ಕ್ಕೆ ಫೋನ್ ಮಾಡಿ, ಮನೆಯಿಂದ ಹೊರಗೆ ಬನ್ನಿ. 181 ಮಹಿಳಾ ಸಹಾಯವಾಣಿ. ಜಿಲ್ಲೆಯ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಕೆಲವು ದಿನ ಉಳಿಯುವುದಕ್ಕೂ ವ್ಯವಸ್ಥೆ ಇರುತ್ತದೆ.

ಆಸ್ಪತ್ರೆಗೆ ಹೋದಾಗ ಬಾಯಿ ಬಿಟ್ಟು ನಿಜ ಹೇಳಿ. ಈ ಒಂದು ಮಾತಿನ ಮೇಲೆ ನನ್ನ ಕಣ್ಣೆದುರೇ ಎಷ್ಟೋ ಅರ್ಜಿಗಳು ಸೊರಗಿವೆ. ಜೊತೆಗೆ ಅತ್ತೆಯೋ ಗಂಡನೋ ನಿಂತಿರುತ್ತಾರೆ. ಡಾಕ್ಟರು ‘ಏನಾತವ್ವಾ?’ ಅಂತಾರೆ. ಇವಳು ‘ಬಚ್ಚಲದಾಗ ಜಾರಿ ಬಿದ್ದೆರೀ’ ಅಂತಾಳೆ. ಚೀಟಿಯ ಮೇಲೆ ಅದೇ ಬೀಳುತ್ತದೆ. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ಎದುರಿನ ವಕೀಲರು ಆ ಚೀಟಿ ಎತ್ತಿ ಹಿಡಿಯುತ್ತಾರೆ.

‘ಯಾರು ಹೊಡೆದರು, ಯಾವುದರಿಂದ, ಯಾವಾಗ’ ಈ ಮೂರನ್ನೂ ಡಾಕ್ಟರಿಗೆ ಹೇಳಿ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆ ಆಗಲಿ, ಧಾರವಾಡದ ಸಿವಿಲ್ ಆಸ್ಪತ್ರೆ ಆಗಲಿ, ಹೊಡೆದದ್ದು ಅಂತ ಹೇಳಿದರೆ ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್ ಅಂತ ದಾಖಲು, ಮಾಡುತ್ತಾರೆ. ಅದರ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಗಾಯದ ಪ್ರಮಾಣಪತ್ರ ತೆಗೆಸುವಾಗ ಅದು ಬೇಕಾಗುತ್ತದೆ.

ಹಿಂದೆ ಈಗಾಗಲೇ ‘ಜಾರಿ ಬಿದ್ದೆ’ ಅಂದಿದ್ದರೆ? ಕೇಸು ಮುಗಿಯಿತು ಅಂತಲ್ಲ. ಅದನ್ನು ಮುಚ್ಚಿಡಬೇಡಿ. ಆ ದಿನ ಪಕ್ಕದಲ್ಲಿ ಯಾರು ನಿಂತಿದ್ದರು, ಯಾಕೆ ಹಾಗೆ ಹೇಳಬೇಕಾಯಿತು ಅಂತ ಅರ್ಜಿಯಲ್ಲೇ ಬರೆಸಿ. ಎದುರಿನವರು ಎತ್ತಿದ ಮೇಲೆ ಹೇಳಿದರೆ ಅದು ನೆವದಂತೆ ಕೇಳಿಸುತ್ತದೆ.

ಕಣ್ಣಿಗೆ ಕಾಣದ ಗಾಯಗಳಿಗೂ ಕಾಗದ ಬೇಕು. ಕಪಾಳಕ್ಕೆ ಹೊಡೆದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂತ ಹೇಳುವವರು ಬಹಳ. ಕಿವಿ ಡಾಕ್ಟರ ಹತ್ತಿರ ಆಡಿಯೋಗ್ರಾಂ ಮಾಡಿಸಿ. ಹಲ್ಲು ಅಲುಗಾಡಿದರೆ ದಂತ ವೈದ್ಯರ ಚೀಟಿ. ನಿದ್ದೆ ಇಲ್ಲ, ಬಾಗಿಲು ಸದ್ದಾದರೆ ಮೈ ನಡುಗುತ್ತದೆ ಅಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ. ‘ಹುಚ್ಚರ ದವಾಖಾನಿಗೆ ನಾ ಯಾಕ ಹೋಗ್ಲಿ’ ಅಂತ ಹಿಂಜರಿಯುತ್ತಾರೆ. ಅವಳಿಗೇ ತಲೆ ಸರಿ ಇಲ್ಲ ಅಂತ ಗಂಡನ ಕಡೆಯವರು ಆಮೇಲೆ ಆಡಿಕೊಳ್ಳುತ್ತಾರೆ ಅನ್ನುವ ಭಯವೂ ಇರುತ್ತದೆ. ಆಡಿಕೊಳ್ಳಲಿ. 22ನೇ ಕಲಂ ಮಾನಸಿಕ ಹಿಂಸೆಗೆ ಪರಿಹಾರ ಅಂತ ಹೆಸರು ಹಿಡಿದೇ ಹೇಳಿದೆ. ಅದಕ್ಕೆ ಮನೋವೈದ್ಯರ ಚೀಟಿಗಿಂತ ಗಟ್ಟಿ ಕಾಗದ ಬೇರೆ ಯಾವುದಿದೆ?

ಮನೆಯಲ್ಲೇ ಬಿದ್ದಿರುವ ಸಾಕ್ಷಿಗಳು

‘ಅಕ್ಕಾರ, ನನ್ನ ಕಡೆ ಏನೂ ಸಾಕ್ಷಿ ಇಲ್ಲರೀ’ ಅನ್ನುವವರ ಬ್ಯಾಗಿನಿಂದಲೇ ಅರ್ಧ ಕೇಸು ಹೊರಬರುತ್ತದೆ.

ನಮ್ಮ ಕಡೆ ಜಗಳ ಕೋರ್ಟಿಗೆ ಬರುವ ಮುಂಚೆ ಹಿರಿಯರ ಮುಂದೆ ಒಂದೆರಡು ಸಲ ಬಂದಿರುತ್ತದೆ. ಗುಡಿಯ ಕಟ್ಟೆಯಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಕೂತು, ಬಾಂಡ್ ಪೇಪರ್ ಮೇಲೆ ‘ಇನ್ನು ಮುಂದೆ ಕುಡಿದು ಬಂದು ಹೆಂಡತಿಗೆ ಹೊಡೆಯುವುದಿಲ್ಲ’ ಅಂತ ಬರೆಸಿ ಸಹಿ ಹಾಕಿಸಿರುತ್ತಾರೆ. ಆ ಕಾಗದಕ್ಕೆ ಬೆಲೆ ಇಲ್ಲ ಅಂತ ಎಲ್ಲರೂ ಮೂಲೆಗೆ ಎಸೆದಿರುತ್ತಾರೆ. ನನಗೆ ಮಾತ್ರ ಅದು ಸಿಕ್ಕರೆ ಖುಷಿ. ಯಾಕೆಂದರೆ ‘ಇನ್ನು ಮುಂದೆ’ ಅಂದರೆ ಇಲ್ಲಿಯ ತನಕ ಹೊಡೆಯುತ್ತಿದ್ದ ಅಂತ ಅವನೇ ಒಪ್ಪಿಕೊಂಡಂತೆ. ಸಹಿ ಮಾಡಿದ ಪಂಚರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಿದರೆ ಇನ್ನೂ ಒಳ್ಳೆಯದು. ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆಯೂ ಹಾಗೆಯೇ. ಪೊಲೀಸರು ದೂರು ತಗೊಂಡು ಕೇಸು ಮಾಡದೆ ಕಳಿಸಿದ್ದರೆ ಹಿಂಬರಹ ಕೇಳಿ ಪಡೆಯಿರಿ. ದೂರು ಕೊಟ್ಟ ತಾರೀಖು ಅದರಲ್ಲಿ ಇರುತ್ತದೆ.

ಮೊಬೈಲಿನಲ್ಲಿರುವ ಫೋಟೋ, ವಾಟ್ಸಾಪ್ ಬೈಗುಳ, ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿದರೆ ಮುಗಿಯಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಜೊತೆಗೆ ಒಂದು ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಒಂದಕ್ಕೆ ನೀವು ಸಹಿ ಮಾಡಬೇಕು, ಇನ್ನೊಂದಕ್ಕೆ ತಜ್ಞರು. ವಕೀಲರಿಗೆ ಇದನ್ನು ನೆನಪು ಮಾಡಿ. ಮೂಲ ಫೋನನ್ನು ಎಕ್ಸ್‌ಚೇಂಜ್ ಆಫರಿಗೆ ಕೊಟ್ಟುಬಿಡಬೇಡಿ, ಕೇಸು ಮುಗಿಯುವ ತನಕ ಇಟ್ಟುಕೊಳ್ಳಿ. ಗುಟ್ಟಾಗಿ ರೆಕಾರ್ಡ್ ಮಾಡಿದ ಫೋನ್ ಮಾತು ನಡೆಯುತ್ತದಾ ಅಂತ ಕೇಳುತ್ತಾರೆ. ಗಂಡ ಹೆಂಡತಿಯ ಒಂದು ಡಿವೋರ್ಸ್ ಕೇಸಿನಲ್ಲಿ ಅದನ್ನು ಸಾಕ್ಷಿಯಾಗಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ.

ಕಾಗದಗಳ ಒಂದು ಜೊತೆ ಮನೆಯ ಹೊರಗೆ ಇರಲಿ. ತವರಿನಲ್ಲಿ, ಗೆಳತಿಯ ಹತ್ತಿರ, ಎಲ್ಲಾದರೂ. ಅವನ ಕೈಗೆ ಸಿಗುವ ಟ್ರಂಕಿನಲ್ಲಿ ಮಾತ್ರ ಬೇಡ.

ಲೆಕ್ಕ ಬರೆಯುವುದು

ಈಗ ಮುಖ್ಯ ಕೆಲಸ. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಅಪಘಾತದ ಅರ್ಜಿಗೆ ನಾವು ಬರೆಯುವ ಬಾಬತ್ತುಗಳನ್ನೇ ಇಲ್ಲೂ ಬರೆಯಿರಿ.

ಒಂದು ಮಾದರಿ ಕೊಡುತ್ತೇನೆ. ಕಲಘಟಗಿ ಕಡೆಯ, ಮನೆಯಲ್ಲಿ ಬ್ಲೌಸ್ ಹೊಲಿಯುವ ಹೆಣ್ಣುಮಗಳು ಅಂದುಕೊಳ್ಳಿ. ಗಂಡ ಕೈ ತಿರುಚಿ ಮುರಿದ, ಹೊಲಿಗೆ ಮಷಿನ್ ಎತ್ತಿ ಅಂಗಳಕ್ಕೆ ಎಸೆದ. ಪ್ಲಾಸ್ಟರ್, ಎಕ್ಸ್‌ರೇ, ಔಷಧಿ ಸೇರಿ 18,400 ರೂಪಾಯಿ. ಹುಬ್ಬಳ್ಳಿಗೆ ಓಡಾಟ 3,200. ಮಷಿನ್ 9,500. ತಿಂಗಳಿಗೆ 8,000ದ ಹೊಲಿಗೆ ನಾಲ್ಕು ತಿಂಗಳು ನಿಂತಿತು, 32,000. ಒಟ್ಟು 63,100. ಇದು 20ನೇ ಕಲಂ ಲೆಕ್ಕ. ಪ್ರತಿ ಅಂಕಿಯ ಪಕ್ಕ ರಸೀದಿ ನಂಬರ್, ಇಲ್ಲವೇ ಯಾರು ಬಂದು ಹೇಳಬಲ್ಲರು ಅಂತ ಬರೆಯಿರಿ. ಹೊಲಿಗೆಯ ಆದಾಯಕ್ಕೆ ಪೇ ಸ್ಲಿಪ್ ಎಲ್ಲಿಂದ ಬರಬೇಕು? ಅಳತೆ ಬರೆದ ಪುಸ್ತಕ ಇರುತ್ತದೆ, ಫೋನ್‌ಪೇಗೆ ಬಂದ ದುಡ್ಡು ಇರುತ್ತದೆ, ಬಟ್ಟೆ ಕೊಡುತ್ತಿದ್ದ ಓಣಿಯ ಹೆಂಗಸರು ಇರುತ್ತಾರೆ. ಖಾನಾವಳಿಗೆ ರೊಟ್ಟಿ ಬಡಿಯುವವರಿಗೆ ಖಾನಾವಳಿಯವರ ಒಂದು ಚೀಟಿ, ಹೊಲದ ಕೂಲಿಯವರಿಗೆ ಕರೆಯುತ್ತಿದ್ದ ರೈತರ ಮಾತು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಚಿಕಿತ್ಸೆ ಆಯಿತು ಅಂತ ಆ ಬಾಬತ್ತು ಬಿಡಬೇಡಿ. ಹೊರಗಿನಿಂದ ತಂದ ಔಷಧಿ, ಆಟೋ, ಜೊತೆಗೆ ಕೂತ ಅವ್ವನ ತಪ್ಪಿದ ಕೂಲಿ, ಇವು ಇದ್ದೇ ಇರುತ್ತವೆ.

‘ನಾನು ಮನೆಯಲ್ಲೇ ಇರೋದು, ಗಳಿಕೆ ಏನೂ ಇಲ್ಲ’ ಅನ್ನುವವರಿಗೆ ಒಂದು ಮಾತು. ರಸ್ತೆ ಅಪಘಾತದಲ್ಲಿ ಗೃಹಿಣಿ ಸತ್ತಾಗ ಅವಳ ಮನೆಗೆಲಸಕ್ಕೂ ಆದಾಯ ಕಟ್ಟಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೂ ಒತ್ತಿ ಹೇಳಿದೆ. ಅದು ಬೇರೆ ಕಾಯ್ದೆ, ನಿಜ. ಆದರೆ ಮನೆಗೆಲಸಕ್ಕೆ ಬೆಲೆ ಇದೆ ಅನ್ನುವ ವಾದವನ್ನು ನಿಮ್ಮ ವಕೀಲರು ಇಲ್ಲಿಗೂ ತರಬಹುದು. ಕೈ ಮುರಿದ ತಿಂಗಳುಗಳಲ್ಲಿ ಮುಸುರೆಗೆ, ಬಟ್ಟೆಗೆ ಆಳು ಇಟ್ಟಿದ್ದರೆ ಆ ಖರ್ಚು ನೇರವಾಗಿಯೇ ಬರೆಯಿರಿ.

ಎರಡನೇ ಲೆಕ್ಕ 22ನೇ ಕಲಂದು. ಇಲ್ಲಿ ರಸೀದಿ ಇರುವುದಿಲ್ಲ. ಅದಕ್ಕೇ ಎಲ್ಲರೂ ‘ಸೂಕ್ತ’ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಒಂದು ಮೊತ್ತ ಹೇಳಿ, ಅದಕ್ಕೆ ಕಾರಣ ಕೊಡಿ. ಎಷ್ಟು ವರ್ಷ ನಡೆಯಿತು? ಬಸುರಿಯಾಗಿದ್ದಾಗ ಹೊಡೆದನೇ? ಮಕ್ಕಳ ಮುಂದೆ ಹೊಡೆದನೇ? ಇವತ್ತಿಗೂ ಎರಡು ಬೆರಳು ಮಡಚುವುದಿಲ್ಲವೇ? ಮಗಳ ಶಾಲೆ ಬಿಡಿಸಿ ತವರೂರಿನ ಶಾಲೆಗೆ ಹಾಕಬೇಕಾಯಿತೇ? ಮಲಗುವ ಕೋಣೆಯ ಬಲವಂತವೂ ಈ ಕಾಯ್ದೆಯಲ್ಲಿ ದೌರ್ಜನ್ಯವೇ. ಹೇಳುವುದಕ್ಕೆ ಕಷ್ಟ, ಗೊತ್ತು. ಅಂಥದ್ದನ್ನು ಹೇಳಬೇಕಾದ ದಿನ ಕೋರ್ಟ್ ಹಾಲಿನಲ್ಲಿ ಬೇರೆ ಜನ ಇರಬಾರದು ಅಂತ ಕೇಳುವ ಹಕ್ಕು 16ನೇ ಕಲಂನಲ್ಲಿದೆ.

ಮೊತ್ತ ಎಷ್ಟು ಅಂತ ಕಾಯ್ದೆ ಹೇಳುವುದಿಲ್ಲ, ಮೇಲಿನ ಮಿತಿಯೂ ಇಲ್ಲ. 2024ರಲ್ಲಿ ಬಾಂಬೆ ಹೈಕೋರ್ಟ್ ಒಂದು ಕೇಸಿನಲ್ಲಿ 3 ಕೋಟಿ ರೂಪಾಯಿ ಪರಿಹಾರದ ಆದೇಶವನ್ನು ಎತ್ತಿ ಹಿಡಿಯಿತು. ಅದನ್ನು ಪೇಪರಿನಲ್ಲಿ ಓದಿ ನಮ್ಮ ಆಫೀಸಿಗೆ ಬಂದವರಿದ್ದಾರೆ. ಆ ದಂಪತಿ ಅನುಕೂಲಸ್ಥರು, ಅಮೆರಿಕದಲ್ಲಿದ್ದವರು. ನವಲಗುಂದದ ನಾಲ್ಕು ಎಕರೆ ರೈತನಿಂದ ಕೋಟಿ ಕೇಳಿದರೆ ಅರ್ಜಿಯ ತೂಕವೇ ಹೋಗುತ್ತದೆ. ಅವನ ಆದಾಯ, ಆಸ್ತಿ, ನಿಮಗಾದ ಹಾನಿ, ಮೂರನ್ನೂ ಎದುರಿಗಿಟ್ಟುಕೊಂಡು ಮೊತ್ತ ಕಟ್ಟಿ. ಕಡಿಮೆಯೂ ಕೇಳಬೇಡಿ. ಕೇಳಿದ್ದಕ್ಕಿಂತ ಹೆಚ್ಚು ಬರುವುದು ಬಹಳ ಅಪರೂಪ.

ನಿಮ್ಮ ಬಂಗಾರ, ಪಾತ್ರೆ, ತವರಿನಿಂದ ತಂದ ಸಾಮಾನನ್ನು ಈ ಮೊತ್ತದಲ್ಲಿ ಕಲಸಬೇಡಿ. ಸ್ತ್ರೀಧನ ವಾಪಸ್ ಕೇಳುವುದಕ್ಕೆ ಬೇರೆ ಕೋರಿಕೆ ಇದೆ. ಪಟ್ಟಿ ಮಾಡಿ: ಎಷ್ಟು ತೊಲ, ಯಾವ ಸರ, ಯಾರು ಕೊಟ್ಟದ್ದು, ಮದುವೆ ಫೋಟೋದಲ್ಲಿ ಎಲ್ಲಿ ಕಾಣುತ್ತದೆ.

ಅರ್ಜಿ ಹಾಕುವುದು

ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಪ್ರಾಧಿಕಾರ ಇದೆ, ತಾಲೂಕು ಕೋರ್ಟುಗಳಲ್ಲಿ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಪುಕ್ಕಟೆ ವಕೀಲರು ಸರಿಯಾಗಿ ನೋಡುವುದಿಲ್ಲ ಅನ್ನುವ ಮಾತಿದೆ. ಒಳ್ಳೆಯವರೂ ಇದ್ದಾರೆ, ಕೈಗೆ ಸಿಗದವರೂ ಇದ್ದಾರೆ. ಸರಿ ಕಾಣದಿದ್ದರೆ ಬದಲಿಸಿಕೊಡಿ ಅಂತ ಪ್ರಾಧಿಕಾರಕ್ಕೇ ಅರ್ಜಿ ಕೊಡಬಹುದು.

ಈ ಕಾಯ್ದೆಯಡಿ ನೊಂದವರಿಗೆ ನೆರವಾಗುವುದಕ್ಕೆ ರಕ್ಷಣಾಧಿಕಾರಿ ಇರುತ್ತಾರೆ. ನಮ್ಮ ರಾಜ್ಯದಲ್ಲಿ ಅವರು ಸಾಮಾನ್ಯವಾಗಿ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಟೀಚರ್‌ಗೆ ಕೇಳಿದರೆ ಆಫೀಸು ಎಲ್ಲಿದೆ ಅಂತ ಹೇಳುತ್ತಾರೆ. ಅವರು ಕೌಟುಂಬಿಕ ಘಟನಾ ವರದಿ ಬರೆಯುತ್ತಾರೆ. ಆ ವರದಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಮ್ಯಾಜಿಸ್ಟ್ರೇಟ್ ಮುಂದೆ ನೇರ ಹೋಗಬಹುದು.

ಅರ್ಜಿ ಎರಡನೇ ನಮೂನೆಯಲ್ಲಿ ಇರುತ್ತದೆ. ಅದರಲ್ಲಿ 22ನೇ ಕಲಂ ಪರಿಹಾರಕ್ಕೆ ಬೇರೆಯೇ ಜಾಗ ಇದೆ. ಸಹಿ ಮಾಡುವ ಮುಂಚೆ ಆ ಜಾಗ ಹುಡುಕಿ. ಖಾಲಿ ಇದೆಯಾ, ಮೊತ್ತ ಬರೆದಿದ್ದಾರಾ ನೋಡಿ. ನಿಮ್ಮ ನೋಟ್‌ಬುಕ್ಕಿನ ಲೆಕ್ಕವನ್ನು ಟೈಪ್ ಮಾಡಿಸಿ ಅರ್ಜಿಗೆ ಹಚ್ಚಿಸಿ. ಅರ್ಜಿ ಈಗಾಗಲೇ ಹಾಕಿಬಿಟ್ಟಿದ್ದರೆ ತಿದ್ದುಪಡಿ ಕೇಳಿ. ಡಿ.ವಿ. ಅರ್ಜಿಯನ್ನು ತಿದ್ದಲು ಕೋರ್ಟ್ ಅವಕಾಶ ಕೊಡಬಹುದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ.

ಕಥೆ ಬರೆಸುವಾಗ ತಾರೀಖು ಬೇಕು. ‘ದಿನಾ ಹೊಡೆಯುತ್ತಿದ್ದ’ ಅನ್ನುವ ಸಾಲು ನಿಜವೇ ಇರಬಹುದು, ಆದರೆ ಕೋರ್ಟಿನಲ್ಲಿ ಅದಕ್ಕೆ ಹಿಡಿತ ಇಲ್ಲ. ತಾರೀಖು ನೆನಪಿಲ್ಲದಿದ್ದರೆ ಹಬ್ಬ ಹಿಡಿದು ಹೇಳಿ. ‘ನಾಗರ ಪಂಚಮಿಗೆ ಅಣ್ಣ ಕರೆಯಲು ಬಂದ ಹಿಂದಿನ ರಾತ್ರಿ’ ಅಂದರೆ ಸಾಕು, ಕ್ಯಾಲೆಂಡರ್ ನೋಡಿ ತಾರೀಖು ನಾನು ಹಾಕಿಕೊಳ್ಳುತ್ತೇನೆ. ಮೊದಲ ಹೊಡೆತ, ಎಲ್ಲಕ್ಕಿಂತ ಕೆಟ್ಟದ್ದು, ಕೊನೆಯದು, ಈ ಮೂರನ್ನು ವಿವರವಾಗಿ ಬರೆಸಿ. ಉಳಿದವು ಚಿಕ್ಕದಾಗಿ ಬರಲಿ.

ಮತ್ತೆ, ಇಡೀ ಮನೆತನವನ್ನು ಎಳೆಯಬೇಡಿ. ಮದುವೆಯಾಗಿ ಪುಣೆಯಲ್ಲಿರುವ ನಾದಿನಿ, ಮೂಲೆ ಹಿಡಿದ ಅಜ್ಜಿ, ಎಲ್ಲರ ಹೆಸರೂ ಹಾಕಿ ಅಂತ ಸೋದರಮಾವಂದಿರು ಹೇಳುತ್ತಾರೆ. ಹೊಡೆದವರು ಯಾರೋ, ಹೊಡೆಸಿದವರು ಯಾರೋ ಅವರಷ್ಟೇ ಸಾಕು. ಪ್ರತಿ ಹೆಸರಿಗೂ ನೋಟೀಸ್ ಹೋಗಬೇಕು, ಒಬ್ಬರಿಗೆ ಮುಟ್ಟದಿದ್ದರೆ ತಾರೀಖು ಮುಂದಕ್ಕೆ. ನಿಜವಾದ ಆರೋಪವೂ ಆ ಗದ್ದಲದಲ್ಲಿ ತೆಳುವಾಗುತ್ತದೆ.

ಕೋರ್ಟಿನಲ್ಲಿ

ಅರ್ಜಿ ಬಂದ 3 ದಿನದೊಳಗೆ ಮೊದಲ ತಾರೀಖು, ಅಲ್ಲಿಂದ 60 ದಿನದಲ್ಲಿ ಮುಗಿಸುವ ಪ್ರಯತ್ನ ಅಂತ ಕಾಯ್ದೆ ಹೇಳುತ್ತದೆ. ಕಾಗದದ ಮೇಲೆ ಚೆಂದ ಕಾಣುತ್ತದೆ. ನಡೆಯುವುದು ಅಷ್ಟು ಬೇಗ ಅಲ್ಲ. ಅದಕ್ಕೇ ಮೊದಲ ದಿನವೇ ಮಧ್ಯಂತರ ಆದೇಶದ ಅರ್ಜಿ ಹಾಕಿಸಿ: ರಕ್ಷಣೆ, ಮನೆ, ತಿಂಗಳ ಖರ್ಚು. ನೋವಿನ ಪರಿಹಾರ ಸಾಮಾನ್ಯವಾಗಿ ಸಾಕ್ಷಿ ಎಲ್ಲ ಮುಗಿದ ಮೇಲೆ, ಕೊನೆಯ ಆದೇಶದಲ್ಲಿ ಬರುತ್ತದೆ.

ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಕೇಸುಗಳಿಗೆ ನಿಯಮ ಮಾಡಿದೆ. ಅವನು ‘ನನಗೇನೂ ಇಲ್ಲ, ಕೂಲಿ ಮಾಡುತ್ತೇನೆ’ ಅಂತಲೇ ಬರೆಯುತ್ತಾನೆ. ಅದಕ್ಕೆ ಉತ್ತರ ನಿಮ್ಮ ಹತ್ತಿರ ಇರಬೇಕು. ಹೊಲದ ಉತಾರ (ಪಹಣಿ) ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ಸಿಗುತ್ತದೆ, ಸರ್ವೆ ನಂಬರ್ ಗೊತ್ತಿದ್ದರೆ ಸಾಕು. ಟ್ರ್ಯಾಕ್ಟರ್ ನಂಬರ್, ಅಂಗಡಿಯ ಬೋರ್ಡಿನ ಫೋಟೋ, ಸೊಸೈಟಿಯ ಸಾಲದ ಪುಸ್ತಕ, ನೌಕರಿ ಇದ್ದರೆ ಇಲಾಖೆಯ ಹೆಸರು.

ಪಾಟೀಸವಾಲಿನ ದಿನ ಸಿಟ್ಟು ಬರಿಸುವ ಪ್ರಶ್ನೆ ಕೇಳುತ್ತಾರೆ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ನೀವೂ ತಿರುಗಿ ಬೈದಿದ್ದರೆ ಬೈದೆ ಅನ್ನಿ. ಬೈದದ್ದಕ್ಕೆ ಕೈ ಮುರಿಯುವ ಹಕ್ಕು ಯಾರಿಗೂ ಬರುವುದಿಲ್ಲ. ಆದೇಶ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ.

ರಾಜಿಗೆ ಕೂತಾಗ

ಲೋಕ್ ಅದಾಲತ್‌ನಲ್ಲೋ ಮಧ್ಯಸ್ಥಿಕೆಯಲ್ಲೋ ರಾಜಿ ಆಗುವುದು ತಪ್ಪಲ್ಲ. ಕಾಗದದ ಕೊನೆಯ ಪ್ಯಾರಾ ಮಾತ್ರ ಎರಡು ಸಲ ಓದಿಸಿಕೊಳ್ಳಿ. ‘ಪೂರ್ಣ ಹಾಗೂ ಅಂತಿಮ, ಮುಂದೆ ಯಾವುದೇ ಹಕ್ಕು ಇರುವುದಿಲ್ಲ’ ಅಂತ ಇದ್ದರೆ, ಜೀವನಾಂಶ, ಬಂಗಾರ, ಪರಿಹಾರ ಎಲ್ಲ ಅದರಲ್ಲೇ ಮುಳುಗಿದವು ಅಂತ ಅರ್ಥ. ಯಾವುದಕ್ಕೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ಕಂತಿನ ಮೇಲೆ ಒಪ್ಪಿದರೆ, ಮೊದಲ ಕಂತು ಕೈಗೆ ಬರುವ ಮುಂಚೆ ಯಾವ ಕೇಸನ್ನೂ ವಾಪಸ್ ತಗೊಳ್ಳಬೇಡಿ. ಖಾಲಿ ಬಾಂಡ್ ಮೇಲೆ ಸಹಿ ಅಂತೂ ಯಾರು ಹೇಳಿದರೂ ಬೇಡ. ಹಿರಿಯರು ಸಿಟ್ಟಾಗಲಿ.

ದುಡ್ಡು ಕೈಗೆ ಬರುವುದು

ಆದೇಶ ಬಂದ ದಿನ ಎಲ್ಲರೂ ಪೇಡೆ ಹಂಚುತ್ತಾರೆ. ಅವನು ಕೊಡುವುದಿಲ್ಲ. ಆಗ ವಸೂಲಿಗೆ ಅರ್ಜಿ ಹಾಕಬೇಕು. ಜೀವನಾಂಶದ ಬಾಕಿಯನ್ನು ವಸೂಲು ಮಾಡುವ ರೀತಿಯಲ್ಲೇ ವಾರಂಟ್ ಹೊರಡಿಸುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ಅವನಿಗೆ ಸಂಬಳದ ಕೆಲಸ ಇದ್ದರೆ 20ನೇ ಕಲಂ ಇನ್ನೊಂದು ಒಳ್ಳೆಯ ದಾರಿ ಕೊಡುತ್ತದೆ. ಆ ಕಲಂನಡಿ ಆದ ಮೊತ್ತವನ್ನು ಸಂಬಳದಿಂದ ಹಿಡಿದು ನೇರ ನಿಮಗೋ ಕೋರ್ಟಿಗೋ ಕಟ್ಟುವಂತೆ ಮಾಲೀಕರಿಗೇ ಆದೇಶ ಮಾಡಿಸಬಹುದು.

ಸಿವಿಲ್ ಡಿಕ್ರಿ ಆಗಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಅನ್ನುವ ಅರ್ಜಿ. ಅದಕ್ಕೆ 12 ವರ್ಷದ ಕಾಲ ಇದೆ. ಜಪ್ತಿಗೆ ಆಸ್ತಿಯ ವಿವರ ನೀವೇ ಕೊಡಬೇಕು, ಆವಾಗಲೂ ಅದೇ ಉತಾರ ಬೇಕು. ದಾವೆ ನಡೆಯುವಾಗಲೇ ಅವನು ಹೊಲ ಮಾರುವುದಕ್ಕೆ ಗಿರಾಕಿ ಹುಡುಕುತ್ತಿದ್ದಾನೆ ಅಂತ ಸುದ್ದಿ ಬಂದರೆ ತಡಮಾಡಬೇಡಿ. ತೀರ್ಪಿನ ಮುಂಚೆಯೇ ಜಪ್ತಿ ಕೇಳುವ ಅವಕಾಶ ಇದೆ. ದಾವೆಯಲ್ಲಿ ಬಡ್ಡಿಯನ್ನೂ ಕೇಳಿರಬೇಕು, ಬಹಳ ಜನ ಮರೆಯುತ್ತಾರೆ.

ಆದೇಶದ ದೃಢೀಕೃತ ನಕಲು ಎರಡು ತೆಗೆಸಿಡಿ. ಇನ್ನು ದುಡ್ಡು ಜಮಾ ಆಗಬೇಕಾದ ಬ್ಯಾಂಕ್ ಖಾತೆ. ಕೋರ್ಟಿಗೆ ಕೊಡುವ ನಂಬರ್ ನಿಮ್ಮೊಬ್ಬರ ಹೆಸರಿನ ಖಾತೆಯದೇ ಇರಲಿ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ತೆಗೆದ ಜಂಟಿ ಖಾತೆಯ ಪಾಸ್‌ಬುಕ್ ತಂದುಕೊಡುವವರು ಈಗಲೂ ಇದ್ದಾರೆ. ಅದನ್ನು ವಾಪಸ್ ಕೊಟ್ಟು, ಹೊಸ ಖಾತೆ ಮಾಡಿಸಿಕೊಂಡು ಬನ್ನಿ, ಎಟಿಎಂ ಕಾರ್ಡಿನ ಪಿನ್ ಅಣ್ಣನಿಗೂ ಹೇಳಬೇಡಿ ಅಂತ ಕಳಿಸುತ್ತೇನೆ.